ಬಿತ್ತನೆಗೆ ಮುನ್ನ ಟ್ರ್ಯಾಕ್ಟರಿನ ಗೇರುಪೆಟ್ಟಿಗೆ: ದೋಷ ಪತ್ತೆ ಮತ್ತು ದುರಸ್ತಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ರೈತರಿಗೆ ತೊಗರಿಯೇ ಮುಖ್ಯ ಬೆಳೆ. ಮೃಗಶಿರಾ ಮಳೆ ಬಿದ್ದು ಎರೆ ಭೂಮಿ ಹದಕ್ಕೆ ಬಂದಾಗ ಬಿತ್ತನೆಗೆ ಸಿಗುವ ದಿನಗಳು ಬಹಳ ಕಡಿಮೆ. ತೇವ ಹೆಚ್ಚಿದ್ದರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಟ್ರ್ಯಾಕ್ಟರು ಹೊಲಕ್ಕೆ ಇಳಿಯುವಂತಿಲ್ಲ. ನಾಲ್ಕಾರು ದಿನ ಬಿಸಿಲು ಹೊಡೆದರೆ ಮೇಲ್ಪದರ ಒಣಗಿ, ಬಿತ್ತಿದ ಕಾಳು ಮೊಳೆಯುವಷ್ಟು ತೇವ ಉಳಿಯುವುದಿಲ್ಲ. ತೊಗರಿಯನ್ನು ಜೂನ್ ಮಧ್ಯದಿಂದ ಜುಲೈ ಮಧ್ಯದೊಳಗೆ ಬಿತ್ತಬೇಕು. ಅದಕ್ಕೂ ತಡವಾದಷ್ಟು ಇಳುವರಿ ಇಳಿಯುತ್ತದೆ. ಹಿಂಗಾರಿ ಬಿಳಿಜೋಳದ ಮಾತೂ ಇದೇ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿ ದಾಟಿದರೆ ಬೆಳೆ ಭೂಮಿಯ ತೇವಕ್ಕಿಂತ ಹಿಂದೆ ಬೀಳುತ್ತದೆ.

ಬೇಸಾಯ ಶಾಸ್ತ್ರ ಕಲಿಸುವವರಿಗೆ ಗೇರುಪೆಟ್ಟಿಗೆಯ ಗೊಡವೆ ಏಕೆಂದು ಓದುಗರು ಕೇಳಬಹುದು. ಬೀಜಕ್ಕೆ ರೈಜೋಬಿಯಂ ಲೇಪಿಸಿ, ಗೊಬ್ಬರ ತಂದಿಟ್ಟು, ಹದ ಬಂದ ದಿನ ಟ್ರ್ಯಾಕ್ಟರು ಮಾತ್ರ ಗ್ಯಾರೇಜಿನಲ್ಲಿ ಎರಡು ತುಂಡಾಗಿ ನಿಂತಿದ್ದರೆ ನಾವು ಕೊಟ್ಟ ಶಿಫಾರಸಿನಿಂದ ಏನೂ ಪ್ರಯೋಜನವಿಲ್ಲ. ಒಂದೊಂದು ಟ್ರ್ಯಾಕ್ಟರು ಹತ್ತು ಹದಿನೈದು ಮನೆಗಳ ಹೊಲ ಬಿತ್ತುವ ಊರುಗಳಲ್ಲಿ ನಷ್ಟ ಮಾಲೀಕನೊಬ್ಬನದೇ ಅಲ್ಲ. ಆದುದರಿಂದ ತೊಗರಿ ರಾಶಿ ಮುಗಿದು, ಕಡಲೆ ಮತ್ತು ಜೋಳ ಮನೆ ಸೇರಿದ ಮೇಲೆ, ಮಾರ್ಚ್-ಏಪ್ರಿಲ್ ತಿಂಗಳಲ್ಲಿಯೇ ಈ ಕೆಲಸ ಮುಗಿಸಿಕೊಳ್ಳಬೇಕು. ಎರಡು ಮಾತು ಮುಖ್ಯ. ದೋಷ ಎಲ್ಲಿದೆ ಎಂದು ತಿಳಿಯದೆ ಗೇರುಪೆಟ್ಟಿಗೆ ಬಿಚ್ಚಬಾರದು. ಬಿಚ್ಚಿದ ಮೇಲೆ, ಹಲ್ಲು ಏಕೆ ಮುರಿಯಿತು ಎಂದು ತಿಳಿಯದೆ ಅದನ್ನು ಮುಚ್ಚಬಾರದು.

ಶಕ್ತಿ ಸಾಗುವ ದಾರಿ

ಇಂಜಿನ್ನಿನ ಶಕ್ತಿ ಮೊದಲು ಕ್ಲಚ್ಚಿಗೆ, ಅಲ್ಲಿಂದ ಗೇರುಪೆಟ್ಟಿಗೆಗೆ, ಬಳಿಕ ಪಿನಿಯನ್ ಮತ್ತು ಕ್ರೌನ್ ಗೇರುಗಳ ಮೂಲಕ ಡಿಫರೆನ್ಷಿಯಲ್ಲಿಗೆ, ಕೊನೆಗೆ ವೇಗ ಇನ್ನಷ್ಟು ತಗ್ಗಿ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಕ್ಲಚ್ಚು ಎರಡು ಹಂತದ್ದು. ಪೆಡಲನ್ನು ಅರ್ಧ ಒತ್ತಿದರೆ ಗಾಲಿಯ ಚಾಲನೆ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿ.ಟಿ.ಓ. ಕೂಡ ನಿಲ್ಲುತ್ತದೆ. ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆಯ ಕೆಳಗೆ ಇನ್ನೊಂದು ಚಿಕ್ಕ ಪೆಟ್ಟಿಗೆ ಇದ್ದು, ಅದರಿಂದ ಉದ್ದನೆಯ ದಂಡವೊಂದು ಮುಂದಿನ ಅಚ್ಚಿಗೆ ಹೋಗುತ್ತದೆ. ಜೀಪು ಮತ್ತು ಭಾರಿ ಟ್ರಕ್ಕುಗಳಲ್ಲಿ ಟ್ರಾನ್ಸ್‌ಫರ್ ಪೆಟ್ಟಿಗೆ ಎನ್ನುವುದು ಮಾಡುವ ಕೆಲಸವನ್ನೇ ಇದು ಮಾಡುತ್ತದೆ.

ಬಿಚ್ಚುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಗೇರು ಹೋಗಿದೆ ಎಂದು ಗ್ಯಾರೇಜಿಗೆ ಬರುವ ಟ್ರ್ಯಾಕ್ಟರುಗಳಲ್ಲಿ ಗೇರು ಸರಿಯಾಗಿಯೇ ಇದ್ದು ಕ್ಲಚ್ಚು ಕೆಟ್ಟಿರುವುದುಂಟು. ಗೇರು ಹಾಕುವಾಗ ಕರಕರ ಶಬ್ದ ಬರುತ್ತಿದ್ದರೆ ಹೀಗೆ ನೋಡಿ. ಟ್ರ್ಯಾಕ್ಟರು ನಿಂತಿರುವಾಗ ಇಂಜಿನ್ ನಿಧಾನವಾಗಿ ಓಡುತ್ತಿರಲಿ. ಕ್ಲಚ್ಚನ್ನು ಪೂರ್ತಿ ಒತ್ತಿ, ಐದಾರು ಸೆಕೆಂಡು ತಡೆದು, ಹಿಂದಿನ ಗೇರು ಹಾಕಿ. ಆಗಲೂ ಹಲ್ಲು ಕಚ್ಚಾಡಿದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಬೇಕು. ಪೆಡಲಿನ ಸಡಿಲ ಹೆಚ್ಚಾಗಿರಬಹುದು, ತಟ್ಟೆ ಸೊಟ್ಟಾಗಿರಬಹುದು, ಇಲ್ಲವೆ ಮಳೆಗಾಲವೆಲ್ಲ ನಿಂತಿದ್ದ ಟ್ರ್ಯಾಕ್ಟರಿನಲ್ಲಿ ತಟ್ಟೆ ತುಕ್ಕು ಹಿಡಿದು ದಂಡದ ಮೇಲೆ ಸರಿದಾಡದೆ ಇರಬಹುದು. ಇದನ್ನು ಗಮನಿಸದೆ ವರ್ಷವಿಡೀ ಹಾಗೆಯೇ ಗೇರು ಹಾಕುತ್ತ ಹೋದರೆ ಹಲ್ಲಿನ ತುದಿ ಸವೆದು, ಆಮೇಲೆ ಗೇರು ನಿಜವಾಗಿಯೂ ಹೋಗುತ್ತದೆ.

ಪೆಡಲಿಗೆ ಸಡಿಲವೇ ಇಲ್ಲದಿದ್ದರೆ ಇದರ ವಿರುದ್ಧ ದೋಷ ಕಾಣಿಸುತ್ತದೆ. ಕ್ಲಚ್ಚು ಜಾರುತ್ತದೆ, ನೇಗಿಲು ಆಳಕ್ಕೆ ಇಳಿದಾಗ ಇಂಜಿನ್ ಕೂಗುತ್ತದೆ, ಗಾಲಿ ಮಾತ್ರ ತಿರುಗುವುದಿಲ್ಲ. ಹಲವು ಟ್ರ್ಯಾಕ್ಟರುಗಳಲ್ಲಿ ಪೆಡಲಿನ ಸಡಿಲ 20ರಿಂದ 30 ಮಿಲಿಮೀಟರು ಇರಬೇಕು. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಕೊಟ್ಟ ಅಳತೆಯೇ ಪ್ರಮಾಣ. ಒಂದು ಸ್ಪ್ಯಾನರಿನಿಂದ ಹತ್ತು ನಿಮಿಷದಲ್ಲಿ ಆಗುವ ಈ ಹೊಂದಾಣಿಕೆಯನ್ನು ಮಾಡದೆ ಟ್ರ್ಯಾಕ್ಟರನ್ನು ಬಿಚ್ಚಿಸುವುದು ದುಂದುವೆಚ್ಚ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಲಕನಿಗೆ ಹೊಸ ತಟ್ಟೆ ಹಾಕಿಕೊಟ್ಟರೂ ಅದು ಹೆಚ್ಚು ಕಾಲ ಬಾಳುವುದಿಲ್ಲ.

ಕ್ಲಚ್ಚಿನ ಮನೆಯ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ಹಚ್ಚಿ ನೋಡಿ. ಕಪ್ಪಗಿದ್ದರೆ ಇಂಜಿನ್ನಿನ ಹಿಂದಿನ ಸೀಲು ಸೋರುತ್ತಿದೆ. ತಿಳಿಯಾಗಿ, ದಪ್ಪವಾಗಿದ್ದರೆ ಗೇರುಪೆಟ್ಟಿಗೆಯ ಮುಂದಿನ ಸೀಲು. ಎರಡರಲ್ಲಿ ಯಾವುದೇ ಆದರೂ ತಟ್ಟೆ ಎಣ್ಣೆ ಕುಡಿದು ಜಾರುತ್ತದೆ. ಸೀಲು ಬದಲಿಸದೆ ತಟ್ಟೆ ಬದಲಿಸಿ ಫಲವಿಲ್ಲ.

ಇನ್ನು ಶಬ್ದದ ವಿಚಾರ. ಗೇರು ನ್ಯೂಟ್ರಲ್ಲಿನಲ್ಲಿದ್ದು ಕ್ಲಚ್ಚಿನಿಂದ ಕಾಲು ತೆಗೆದಾಗ ಗೊರಗೊರ ಶಬ್ದ ಬಂದು, ಕ್ಲಚ್ಚು ಒತ್ತಿದೊಡನೆ ನಿಂತರೆ, ದೋಷ ಗೇರುಪೆಟ್ಟಿಗೆಯ ಮೊದಲ ದಂಡದ ಅಥವಾ ಅದಕ್ಕೆ ಸದಾ ಕೂಡಿಕೊಂಡಿರುವ ಗೇರಿನ ಬೇರಿಂಗಿನಲ್ಲಿದೆ. ಕ್ಲಚ್ಚು ಒತ್ತಿದಾಗಲೇ ಶಬ್ದ ಬಂದರೆ ರಿಲೀಸ್ ಬೇರಿಂಗನ್ನು ನೋಡಬೇಕು. ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಜೋಡಿ ಸವೆದಿದೆ. ಎಲ್ಲ ಗೇರುಗಳಲ್ಲೂ ಬಂದರೆ ಮೊದಲು ಎಣ್ಣೆಯ ಮಟ್ಟ ನೋಡಿ. ನೇರ ಹೋಗುವಾಗ ಇಲ್ಲದ ಕಟಕಟ ಶಬ್ದ ತಲೆದಿಣ್ಣೆಯಲ್ಲಿ ತಿರುಗಿಸುವಾಗ ಮಾತ್ರ ಬಂದರೆ ಡಿಫರೆನ್ಷಿಯಲ್ಲಿನ ಒಳಗಿನ ಚಿಕ್ಕ ಗೇರುಗಳನ್ನು ಶಂಕಿಸಬೇಕು. ಡಿಫರೆನ್ಷಿಯಲ್ ಲಾಕು ಹಾಕಿಕೊಂಡೇ ಟ್ರ್ಯಾಕ್ಟರು ತಿರುಗಿಸುವವರಲ್ಲಿ ಈ ದೋಷ ಬೇಗ ಬರುತ್ತದೆ. ಲಾಕು ಇರುವುದು ಕೆಸರಿನಿಂದ ನೇರವಾಗಿ ಹೊರಬರಲು ಮಾತ್ರ.

ಹಾಕಿದ ಗೇರು ತಾನಾಗಿ ಹೊರಗೆ ಹಾರುವುದು ಮತ್ತೊಂದು ಸಾಮಾನ್ಯ ದೂರು. ಗೇರನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗು ಸೋತಿರಬಹುದು. ಈ ಭಾಗವನ್ನು ಹಲವು ಮಾದರಿಗಳಲ್ಲಿ ಮೇಲಿನ ಮುಚ್ಚಳ ತೆಗೆದೇ ಬದಲಿಸಬಹುದು, ಟ್ರ್ಯಾಕ್ಟರನ್ನು ತುಂಡು ಮಾಡಬೇಕಾಗಿಲ್ಲ. ಅದು ಸರಿಯಿದ್ದರೆ ಗೇರು ಸರಿಸುವ ಫೋರ್ಕು ಸವೆದಿದೆಯೆ, ಹಲ್ಲುಗಳು ಒಂದು ಕಡೆಗೆ ಇಳಿಜಾರಾಗಿವೆಯೆ ಎಂದು ನೋಡಬೇಕು. ಚಿಂಚೋಳಿಯ ಗುಡ್ಡದ ದಾರಿಗಳಲ್ಲಿ ಇದು ಬರಿಯ ದುರಸ್ತಿಯ ಪ್ರಶ್ನೆಯಲ್ಲ. ಹೇರಿದ ಟ್ರೇಲರು ಹಿಂದಿದ್ದು ಇಳಿಜಾರಿನಲ್ಲಿ ಗೇರು ಹಾರಿದರೆ ಬ್ರೇಕು ಒಂದೇ ಆ ಭಾರ ತಡೆಯಲಾರದು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ಈ ಅಪಾಯವನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಎಣ್ಣೆಯಿಂದ ತಿಳಿಯುವ ಸಂಗತಿ

ಲಾರಿ, ಕಾರುಗಳಲ್ಲಿ ಈಚೆಗೆ ಬರುತ್ತಿರುವ ಆಟೋಮ್ಯಾಟಿಕ್ ಗೇರುಪೆಟ್ಟಿಗೆಯ ಒಂದು ಬಗೆಯಲ್ಲಿ ಕಾಲಿನ ಕ್ಲಚ್ಚೇ ಇಲ್ಲ. ಇಂಜಿನ್ನಿನ ಶಕ್ತಿಯನ್ನು ಎಣ್ಣೆಯೇ ಗೇರಿಗೆ ದಾಟಿಸುತ್ತದೆ, ಎಣ್ಣೆಯ ಒತ್ತಡವೇ ಒಳಗಿನ ತಟ್ಟೆಗಳನ್ನು ಹಿಡಿದು ಗೇರು ಬದಲಿಸುತ್ತದೆ. ಅಂಥ ಪೆಟ್ಟಿಗೆಯ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ತಟ್ಟೆಗಳು ಜಾರಿ ಸುಟ್ಟಿವೆ ಎಂದೇ ಅರ್ಥ. ನಮ್ಮ ಟ್ರ್ಯಾಕ್ಟರುಗಳಲ್ಲಿ ಬಹುಮಟ್ಟಿಗೆ ಕೈಯಿಂದಲೇ ಗೇರು ಹಾಕಬೇಕು. ಆದರೂ ಎಣ್ಣೆಯಲ್ಲಿ ಮುಳುಗಿದ ಬ್ರೇಕು ಬಂದ ಮೇಲೆ ನಮ್ಮಲ್ಲೂ ಎಣ್ಣೆಯ ಕೆಲಸ ಹೆಚ್ಚಿದೆ. ಅನೇಕ ಮಾದರಿಗಳಲ್ಲಿ ಗೇರು, ಡಿಫರೆನ್ಷಿಯಲ್, ಬ್ರೇಕು ಮತ್ತು ಹೈಡ್ರಾಲಿಕ್ ಇವೆಲ್ಲಕ್ಕೂ ಒಂದೇ ಎಣ್ಣೆ. ಹಳೆಯ ಟ್ರ್ಯಾಕ್ಟರಿಗೆ ಹಾಕುತ್ತಿದ್ದ 90 ನಂಬರಿನ ಗೇರ್ ಎಣ್ಣೆಯನ್ನು ಇಂಥದಕ್ಕೆ ಸುರಿದರೆ ಬ್ರೇಕು ಕೂಗುತ್ತದೆ, ಹೈಡ್ರಾಲಿಕ್ ನಿಧಾನವಾಗುತ್ತದೆ. ಅಂಗಡಿಯವರ ಮಾತಿಗಿಂತ ಕೈಪಿಡಿಯ ಮಾತು ಮೇಲು.

ಹಳೆಯ ಎಣ್ಣೆ ಇಳಿಸುವಾಗ ಅದನ್ನು ಚರಂಡಿಗೆ ಬಿಡದೆ ಶುಭ್ರವಾದ ಬೋಗುಣಿಯಲ್ಲಿ ಹಿಡಿಯಿರಿ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಅನುಮಾನವಿದ್ದರೆ ಒಂದೆರಡು ತೊಟ್ಟನ್ನು ಕಾದ ಹಂಚಿನ ಮೇಲೆ ದೂರದಿಂದ ಬಿಟ್ಟು ನೋಡಿ. ನೀರಿದ್ದರೆ ಒಗ್ಗರಣೆಯಂತೆ ಚಟಪಟ ಸಿಡಿಯುತ್ತದೆ. ಮುಖ ದೂರವಿರಲಿ, ಉರಿಯುವ ಒಲೆ ಹತ್ತಿರ ಬೇಡ. ಹಳ್ಳ ದಾಟುವಾಗ, ಗೇರು ಹಿಡಿಯ ಹರಿದ ರಬ್ಬರಿನಿಂದ, ಅಥವಾ ಗಾಳಿಯಾಡುವ ಬ್ರೀದರ್ ಮುಚ್ಚಳದಿಂದ ನೀರು ಒಳಗೆ ಹೋಗುತ್ತದೆ. ವಾಡಿ, ಶಹಾಬಾದ, ಸೇಡಂ ಸುತ್ತಿನ ಕಲ್ಲುಗಣಿ ಹಾಗೂ ಸಿಮೆಂಟು ಕಾರ್ಖಾನೆಗಳ ರಸ್ತೆಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಮಾಲೀಕರು ಈ ಬ್ರೀದರನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಸುಣ್ಣಗಲ್ಲಿನ ಸಣ್ಣ ಧೂಳು ಎಣ್ಣೆಯ ಪಸೆಗೆ ಅಂಟಿ ಗಟ್ಟಿಯಾಗಿ ಅದರ ಬಾಯಿ ಮುಚ್ಚಿಬಿಡುತ್ತದೆ. ಒಳಗೆ ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಅದು ಸೀಲುಗಳನ್ನು ತಳ್ಳಿ ಎಣ್ಣೆ ಸೋರಿಸುತ್ತದೆ. ಸೀಲು ಎಷ್ಟು ಸಲ ಬದಲಿಸಿದರೂ ಸೋರಿಕೆ ನಿಲ್ಲದಿದ್ದರೆ ಬ್ರೀದರನ್ನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ನೋಡಿ.

ಎಣ್ಣೆ ಇಳಿಸುವ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಹತ್ತಿದ ಬೂದು ಬಣ್ಣದ ನುಣುಪಾದ ಲೇಪ ಸಹಜ ಸವೆತದ್ದು, ಗಾಬರಿ ಬೇಡ. ಮೀನಿನ ಪೊರೆಯಂತೆ ಹೊಳೆಯುವ ಚೂರುಗಳಿದ್ದರೆ ಬೇರಿಂಗು ಇಲ್ಲವೆ ಗೇರಿನ ಮುಖ ಏಳುತ್ತಿದೆ. ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ ಬಣ್ಣದ ಪುಡಿ ಬುಶ್ ಅಥವಾ ವಾಷರಿನದು. ಕಂದು ನಾರಿನಂಥದು ಬ್ರೇಕಿನ ತಟ್ಟೆಯದು. ಹಲ್ಲಿನ ತುಂಡೇ ಸಿಕ್ಕರೆ ಟ್ರ್ಯಾಕ್ಟರನ್ನು ಒಂದು ಮಾರೂ ಓಡಿಸಬಾರದು. ಆ ತುಂಡು ಇನ್ನೆರಡು ಗೇರುಗಳ ನಡುವೆ ಸಿಕ್ಕಿಕೊಂಡರೆ ಪೆಟ್ಟಿಗೆಯ ಎರಕವೇ ಒಡೆಯುತ್ತದೆ.

ಫರ್ಸಿ ಕಲ್ಲಿನ ಭಾರ

ಹಲ್ಲು ಏಕೆ ಮುರಿಯಿತು ಎಂಬುದಕ್ಕೆ ನಮ್ಮ ಭಾಗದಲ್ಲಿ ಅನೇಕ ಬಾರಿ ಉತ್ತರ ಹೊಲದಲ್ಲಿ ಸಿಗುವುದಿಲ್ಲ, ರಸ್ತೆಯಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಟ್ರ್ಯಾಕ್ಟರು ಫರ್ಸಿ ಕಲ್ಲು ಸಾಗಿಸುತ್ತದೆ. ಟ್ರೇಲರಿನ ಒಳ ಅಳತೆ 3 ಮೀಟರು ಉದ್ದ, 1.8 ಮೀಟರು ಅಗಲ, 0.6 ಮೀಟರು ಎತ್ತರ ಎಂದಿಟ್ಟುಕೊಳ್ಳೋಣ. ಒಟ್ಟು 3.24 ಘನ ಮೀಟರು ಆಯಿತು. ತೊಗರಿ ಘನ ಮೀಟರಿಗೆ ಸುಮಾರು 8 ಕ್ವಿಂಟಲು ತೂಗುವುದರಿಂದ ಅಂಚಿನ ಮಟ್ಟಕ್ಕೆ ತುಂಬಿದರೆ 26 ಕ್ವಿಂಟಲು. ಸುಣ್ಣಗಲ್ಲು ಘನ ಮೀಟರಿಗೆ ಸುಮಾರು 26 ಕ್ವಿಂಟಲು. ಹಲಗೆಗಳ ನಡುವಿನ ಸಂದಿಗೆಂದು ಕಾಲು ಭಾಗ ಕಳೆದರೂ ಅದೇ ಟ್ರೇಲರಿನಲ್ಲಿ 63 ಕ್ವಿಂಟಲು ಕೂಡುತ್ತದೆ. ಕಣ್ಣಿಗೆ ಒಂದೇ ಎತ್ತರ, ಗೇರಿಗೆ ಎರಡೂವರೆ ಪಟ್ಟು ಭಾರ. ಇಂಥ ಹೇರಿನೊಡನೆ ಮೇಲಿನ ಗೇರಿನಲ್ಲಿ ಕ್ಲಚ್ಚು ಫಕ್ಕನೆ ಬಿಟ್ಟು ಹೊರಟರೆ ಆ ಪೆಟ್ಟೆಲ್ಲವೂ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತದೆ. ಹಲ್ಲು ಅಂದೇ ಮುರಿಯದೆ ಹೋಗಬಹುದು. ಬುಡದಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಮೃಗಶಿರಾ ಮಳೆಯ ನಂತರ ಹೊಲದಲ್ಲಿ ಮುರಿಯುತ್ತದೆ. ಬೇಸಿಗೆಯ ಬಾಡಿಗೆಯ ಹಣ ಬೇಡವೆಂದು ರೈತರಿಗೆ ಹೇಳುವುದು ಸುಲಭವಲ್ಲ. ಕಲ್ಲನ್ನು ಎತ್ತರ ನೋಡಿ ಹೇರದೆ ತೂಕ ನೋಡಿ ಹೇರಿ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹೊರಡಿ ಎಂದಷ್ಟೆ ಹೇಳಬಹುದು. ಬಿಸಿಲಿಗೆ ಬಿರಿದು ಕಲ್ಲಾದ ಎರೆ ನೆಲದಲ್ಲಿ ಆಳದ ಉಳುಮೆ ಮಾಡುವಾಗಲೂ ಇದೇ ಎಚ್ಚರಿಕೆ ಇರಲಿ.

ಮುಂದಿನ ಗಾಲಿಗೂ ಶಕ್ತಿ ಕೊಡುವ ಟ್ರ್ಯಾಕ್ಟರುಗಳು

ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಮುಂದಿನ ಚಿಕ್ಕ ಗಾಲಿಗಳು ಹಿಂದಿನ ಗಾಲಿಗಳಿಗಿಂತ ತುಸು ಮುಂದಾಗಿ ಓಡುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಸಾಮಾನ್ಯವಾಗಿ ಈ ಮುನ್ನಡೆ ಶೇಕಡ 1ರಿಂದ 5. ಸಡಿಲವಾದ ಹೊಲದಲ್ಲಿ ಗಾಲಿ ಅಷ್ಟು ಜಾರಿ ಸರಿಹೋಗುತ್ತದೆ. ಡಾಂಬರು ಅಥವಾ ಕಾಂಕ್ರೀಟು ರಸ್ತೆಯಲ್ಲಿ ಜಾರಲು ಆಸ್ಪದವಿಲ್ಲ. ಆಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದನ್ನೊಂದು ಎಳೆದಾಡಿ, ನಡುವಿನ ದಂಡ ಹಿಂಡಿದ ಹಗ್ಗದಂತೆ ಬಿಗಿಯುತ್ತದೆ. ಹೊಲದಿಂದ ರಸ್ತೆಗೆ ಬಂದ ಮೇಲೂ ಮುಂದಿನ ಚಾಲನೆಯನ್ನು ಬಿಡಿಸದೆ ಹತ್ತಾರು ಮೈಲಿ ಓಡಿಸುವುದೇ ಕೆಳಗಿನ ಪೆಟ್ಟಿಗೆಯ ಗೇರು ಹಾಳಾಗಲು ದೊಡ್ಡ ಕಾರಣ. ಲಿವರು ಬಿಡಿಸಲು ಬಾರದಂತೆ ಬಿಗಿದುಕೊಂಡಿದ್ದರೆ ಅದೇ ಇದರ ಗುರುತು. ಸುತ್ತಿಗೆಯಿಂದ ಹೊಡೆಯಬೇಡಿ, ಟ್ರ್ಯಾಕ್ಟರನ್ನು ಒಂದೆರಡು ಮಾರು ಹಿಂದಕ್ಕೆ ನಡೆಸಿದರೆ ಬಿಗಿತ ಇಳಿದು ಲಿವರು ತಾನೇ ಬರುತ್ತದೆ.

ಟಯರು ಬದಲಿಸುವಾಗಲೂ ಇದೇ ತೊಂದರೆ ಹುಟ್ಟುತ್ತದೆ. ಹಿಂದಿನ ಟಯರು ಸವೆದಿರುವಾಗ ಮುಂದಿನವನ್ನು ಮಾತ್ರ ಹೊಸದು ಹಾಕಿದರೆ, ಅಥವಾ ಬೇರೆ ಅಳತೆಯದು ಹಾಕಿದರೆ, ಮುನ್ನಡೆ ಏರುಪೇರಾಗುತ್ತದೆ. ಇದನ್ನು ಮನೆಯಲ್ಲೇ ಅಳೆಯಬಹುದು. ಟಯರುಗಳ ಗಾಳಿ ಸರಿ ಮಾಡಿ, ಒಂದು ಹಿಂದಿನ ಮತ್ತು ಒಂದು ಮುಂದಿನ ಗಾಲಿಗೆ ಸುಣ್ಣದ ಗುರುತು ಹಚ್ಚಿ. ಮುಂದಿನ ಚಾಲನೆ ಬಿಡಿಸಿ, ಗಟ್ಟಿ ನೆಲದ ಮೇಲೆ ಹಿಂದಿನ ಗಾಲಿ 10 ಸುತ್ತು ಬರುವವರೆಗೆ ನೇರವಾಗಿ ನಡೆಸಿ ಮುಂದಿನ ಗಾಲಿಯ ಸುತ್ತು ಎಣಿಸಿ. ಬಳಿಕ ಚಾಲನೆ ಹಾಕಿ, ಸಡಿಲ ನೆಲದ ಮೇಲೆ ಮತ್ತೆ ಹಿಂದಿನ ಗಾಲಿಯ 10 ಸುತ್ತಿಗೆ ಎಣಿಸಿ. ಮೊದಲ ಸಲ 15, ಎರಡನೆಯ ಸಲ 15.5 ಬಂದರೆ ಮುನ್ನಡೆ ಶೇಕಡ 3ರಷ್ಟು, ಚಿಂತೆಯಿಲ್ಲ. ಎರಡನೆಯ ಸಲ 16.5 ಬಂದರೆ ಶೇಕಡ 10 ಆಯಿತು; ಟಯರಿನ ಅಳತೆ ತಪ್ಪಿದೆ. ಎರಡನೆಯ ಎಣಿಕೆ ಮೊದಲಿನದಕ್ಕಿಂತ ಕಡಿಮೆ ಬಂದರೆ ಮುಂದಿನ ಗಾಲಿಗಳು ಎಳೆಯುತ್ತಿಲ್ಲ, ಹಿಂದಿನವನ್ನು ತಡೆಯುತ್ತಿವೆ. ಇಂಥ ಟ್ರ್ಯಾಕ್ಟರಿನ ಕೆಳಪೆಟ್ಟಿಗೆಗೆ ಹೊಸ ಗೇರು ಹಾಕಿಸುವ ಮೊದಲು ಟಯರು ಸರಿಪಡಿಸಬೇಕು.

ಬಿಚ್ಚುವುದು, ಜೋಡಿಸುವುದು

ಟ್ರ್ಯಾಕ್ಟರನ್ನು ನಡುವೆ ಬೇರ್ಪಡಿಸುವುದು ಅನುಭವಿ ಮಿಸ್ತ್ರಿಯ ಕೆಲಸ. ಮಾಲೀಕರು ಪಕ್ಕದಲ್ಲಿದ್ದು ನೋಡಿಕೊಳ್ಳಬೇಕು. ಬ್ಯಾಟರಿಯ ತಂತಿ ಮೊದಲು ಬಿಚ್ಚಲಿ. ಮುಂದಿನ ಅಚ್ಚು ನಡುವಿನ ಪಿನ್ನಿನ ಮೇಲೆ ಓಲಾಡುವುದರಿಂದ ಎರಡೂ ಬದಿಗೆ ಮರದ ಬೆಣೆ ಹೊಡೆಯದೆ ಬೋಲ್ಟು ಸಡಿಲಿಸಿದರೆ ಇಂಜಿನ್ ಭಾಗ ಪಕ್ಕಕ್ಕೆ ವಾಲಿ ಕೆಳಗಿದ್ದವರ ಮೇಲೆ ಬೀಳುತ್ತದೆ. ಜಾಕಿನ ಮೇಲಷ್ಟೇ ನಂಬಿಕೆ ಬೇಡ, ಗಟ್ಟಿ ಕಬ್ಬಿಣದ ಸ್ಟ್ಯಾಂಡು ಇರಲಿ. ಫರ್ಸಿ ಹಾಸಿದ, ಗಾಳಿ ಧೂಳಿಗೆ ಮರೆಯಿರುವ ಜಾಗ ಈ ಕೆಲಸಕ್ಕೆ ಉತ್ತಮ. ನಮ್ಮ ಭಾಗದಲ್ಲಿ ಅದಕ್ಕೆ ಬರವಿಲ್ಲ.

ಬಿಚ್ಚಿದ ಭಾಗಗಳನ್ನು ಬಂದ ಸಾಲಿನಲ್ಲಿಯೇ ಬಟ್ಟೆಯ ಮೇಲೆ ಇಡಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇರುವುದರಿಂದ ಪ್ರತಿ ಹಂತದಲ್ಲೂ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕಾಗದದಷ್ಟು ತೆಳುವಾದ ಶಿಮ್ಮುಗಳು ಎಷ್ಟಿದ್ದವು, ಯಾವ ಬದಿಗೆ ಇದ್ದವು ಎಂಬುದನ್ನು ಬರೆದಿಡಿ. ಗೇರುಗಳ ನಡುವಿನ ಸಂದಿ ನಿಂತಿರುವುದು ಇವುಗಳ ಮೇಲೆಯೇ. ತೊಳೆಯಲು ಡೀಸೆಲ್ ಬಳಸಿ, ಪೆಟ್ರೋಲ್ ಬೇಡ. ತೊಳೆದ ಬೇರಿಂಗನ್ನು ಗಾಳಿಯ ಪೈಪಿನಿಂದ ಗಿರಗಿರನೆ ತಿರುಗಿಸುವ ಚಾಳಿ ಗ್ಯಾರೇಜುಗಳಲ್ಲಿದೆ. ಎಣ್ಣೆಯಿಲ್ಲದೆ ತಿರುಗಿದ ಬೇರಿಂಗು ಅಲ್ಲೇ ಗಾಯಗೊಳ್ಳುತ್ತದೆ.

ಒಂದು ಗೇರು ಹೋದರೆ ಅದರ ಜೋಡಿಯನ್ನೂ ಬದಲಿಸಬೇಕು. ಹೊಸ ಹಲ್ಲು ಹಳೆಯ ಸವೆದ ಹಲ್ಲಿನೊಡನೆ ಹೊಂದುವುದಿಲ್ಲ. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿಯಾಗಿದ್ದು, ಸಾಮಾನ್ಯವಾಗಿ ಎರಡರ ಮೇಲೂ ಒಂದೇ ಸಂಖ್ಯೆ ಕೊರೆದಿರುತ್ತದೆ. ಕೊಳ್ಳುವಾಗ ಇದನ್ನು ಓದಿ ನೋಡಿ. ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿಸಬಾರದು. ಕಾವಿಗೆ ಸುತ್ತಲಿನ ಹಲ್ಲುಗಳ ಗಡಸುತನವೂ ಹೋಗುತ್ತದೆ. ಸೀಲು, ಗ್ಯಾಸ್ಕೆಟ್ಟು, ಸರ್ಕ್ಲಿಪ್ಪುಗಳನ್ನು ಹಳೆಯವು ಚೆನ್ನಾಗಿ ಕಂಡರೂ ಹೊಸದೇ ಹಾಕಿಸಿ. 1971ರಲ್ಲಿ ಪಿಂಜೋರಿನಲ್ಲಿ ತಯಾರಿಕೆ ಆರಂಭವಾದ ಎಚ್.ಎಂ.ಟಿ. ಟ್ರ್ಯಾಕ್ಟರುಗಳ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. ಅಂಥ ಹಳೆಯ ಟ್ರ್ಯಾಕ್ಟರು ಇಟ್ಟುಕೊಂಡವರು ಗುಜರಿಯ ಗೇರು ಕೊಳ್ಳುವುದು ಅನಿವಾರ್ಯವಾಗಬಹುದು. ಕೊಳ್ಳುವ ಮುನ್ನ ಡೀಸೆಲ್ಲಿನಲ್ಲಿ ಅದ್ದಿ, ಒರೆಸಿ, ಸೀಮೆಸುಣ್ಣದ ಪುಡಿ ಸವರಿ ಸ್ವಲ್ಪ ಹೊತ್ತು ಬಿಡಿ. ಬುಡದಲ್ಲಿ ಬಿರುಕಿದ್ದರೆ ಒಳಗಿನ ಡೀಸೆಲ್ ಒಸರಿ ಬಿಳಿಯ ಮೇಲೆ ಗೆರೆ ಮೂಡುತ್ತದೆ.

ಜೋಡಿಸಿದ ಮೇಲೆ ಕ್ರೌನಿನ ಹಲ್ಲಿಗೆ ನೀಲಿ ಬಣ್ಣ ಹಚ್ಚಿ ಕೈಯಿಂದ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತದೆಯೆ ಎಂದು ಮಿಸ್ತ್ರಿಯಿಂದ ತೋರಿಸಿಕೊಳ್ಳಿ. ತುದಿಗೆ ಅಥವಾ ಬುಡಕ್ಕೆ ಮಾತ್ರ ಬಿದ್ದರೆ ಶಿಮ್ಮು ಬದಲಿಸಿ ಹೊಂದಿಸಬೇಕು. ಬೋಲ್ಟುಗಳನ್ನು ಅಂದಾಜಿನ ಮೇಲೆ ಬಿಗಿಯದೆ ಟಾರ್ಕ್ ಸ್ಪ್ಯಾನರಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು.

ಹೊಸ ಎಣ್ಣೆ ತುಂಬಿದ ಮೇಲೆ ಟ್ರ್ಯಾಕ್ಟರನ್ನು ನೇರವಾಗಿ ನೇಗಿಲಿಗೆ ಹೂಡಬಾರದು. ಹತ್ತು ನಿಮಿಷ ನ್ಯೂಟ್ರಲ್ಲಿನಲ್ಲಿ ಓಡಿಸಿ, ಆಮೇಲೆ ಒಂದೊಂದು ಗೇರಿನಲ್ಲೂ ಹೇರಿಲ್ಲದೆ ಸ್ವಲ್ಪ ದೂರ ನಡೆಸಿ, ಸೋರಿಕೆ ಹಾಗೂ ಕಾವು ನೋಡಿ. ಪೆಟ್ಟಿಗೆಯ ಒಂದು ಜಾಗ ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಅಲ್ಲಿನ ಬೇರಿಂಗು ಬಿಗಿಯಾಗಿದೆ. ಮೊದಲ 50 ಗಂಟೆ ಕುಂಟೆ ಹೊಡೆಯುವಂಥ ಹಗುರ ಕೆಲಸವೇ ಇರಲಿ. ಏಪ್ರಿಲಿನಲ್ಲಿ ದುರಸ್ತಿ ಮುಗಿದರೆ ಮೃಗಶಿರಾ ಮಳೆಯ ಹೊತ್ತಿಗೆ ಈ 50 ಗಂಟೆ ಮುಗಿದಿರುತ್ತದೆ. ಆಗ ಎಣ್ಣೆ ಇಳಿಸಿ, ಫಿಲ್ಟರು ತೊಳೆದು ಅಥವಾ ಬದಲಿಸಿ, ಬೋಲ್ಟಿನ ಅಯಸ್ಕಾಂತವನ್ನು ಮತ್ತೊಮ್ಮೆ ನೋಡಿ. ಎಣ್ಣೆಯ ಮಟ್ಟವನ್ನು ಟ್ರ್ಯಾಕ್ಟರು ಸಮನೆಲದಲ್ಲಿ ನಿಂತಿದ್ದಾಗ, ಹೈಡ್ರಾಲಿಕ್ ತೋಳುಗಳನ್ನು ಕೆಳಗಿಳಿಸಿ ನೋಡಬೇಕು.